ಬೂದಿ ಬಣ್ಣದ ಬೀದಿ

ನಮ್ಮ ಬೀದಿ ಸತ್ತುಹೋಗಿದೆ ಎಂದು ಪುರಸಭೆಯ ಮೇಜು ಹೇಳಿದ ದಿನ ನಾನು ಅದೇ ಬೀದಿಯಲ್ಲಿ ಮಗ್ಗದ ಎರಡು ಹಾಸುಗಳಿಗೆ ಗಂಜಿ ಹಚ್ಚಿ, ಕೈ ತೊಳೆದುಕೊಂಡು ವಾರ್ಡಿನ ಮೆಂಬರಾಗಿ ಸಭೆಗೆ ಹೋಗಿದ್ದೆ. ಉಗುರಿನ ಸಂದಿಯ ಗಂಜಿ ಇನ್ನೂ ಹಸಿಯಾಗಿತ್ತು.

ಮೇಜು ಅಂದರೆ ಬರೀ ಮೇಜಲ್ಲ. ಚಿಲಕಟ್ಟಿ ಪುರಸಭೆಯ ಮಾಳಿಗೆಯ ಮೇಲೆ, ಹಿಂದೆ ಹಳೆಯ ಕಡತ ಒಟ್ಟುತ್ತಿದ್ದ ಕೋಣೆಯಲ್ಲಿ, ದೊಡ್ಡದೊಂದು ಗಾಜಿನ ಮೇಜು ಹಾಕಿದ್ದಾರೆ. ಅದರೊಳಗೆ ಇಡೀ ಊರು ಬೆಳಕಿನ ಗೆರೆಗಳಾಗಿ ಕಾಣುತ್ತದೆ. ಜನ ತುಂಬ ಓಡಾಡುವ ಬೀದಿ ಕೆಂಪು, ಕಡಿಮೆ ಓಡಾಡುವುದು ಹಳದಿ, ಯಾರೂ ಓಡಾಡದ್ದು ಬೂದಿ. ಇದಕ್ಕೆ ಹೆಜ್ಜೆಗಣಕ ಎಂದು ಹೆಸರು. ಮೂರು ವರ್ಷದ ಹಿಂದೆ ಊರಿನ ಎಲ್ಲ ಬೀದಿಗಳಲ್ಲೂ ಇಪ್ಪತ್ತು ಹೆಜ್ಜೆಗೊಂದರಂತೆ ಎಣಿಕೆ ಕಲ್ಲು ಹೂತರು. ನೋಡಲು ಕಡಪಾ ಕಲ್ಲಿನ ಹಾಗೆಯೇ ಇರುತ್ತದೆ. ಮೇಲೆ ಕಾಲಿಟ್ಟರೆ ಸಾಕು, ಎಷ್ಟು ಭಾರ, ಯಾವ ಕಾಲು ಎಳೆಯುತ್ತದೆ, ಎತ್ತ ಹೊರಟಿದ್ದೀರಿ, ಎಲ್ಲ ಅದಕ್ಕೆ ತಿಳಿಯುತ್ತದೆ. ಹೆಸರು ತಿಳಿಯುವುದಿಲ್ಲವಂತೆ, ನಡಿಗೆ ತಿಳಿಯುತ್ತದಂತೆ.

ಅಂದಿನಿಂದ ದೀಪ, ನಲ್ಲಿ, ಚರಂಡಿ ಎಲ್ಲವೂ ಹೆಜ್ಜೆ ನೋಡಿಯೇ. ಗವಿ ಓಣಿಯವರು ಬೀದಿದೀಪದ ಆಸೆಗೆ ಒಂದು ವಾರ ಮನೆಮಂದಿಯೆಲ್ಲ ಸೇರಿ ತಮ್ಮ ಓಣಿಯಲ್ಲಿ ಸುತ್ತು ಹೊಡೆದರು. ಮುದುಕಿಯರನ್ನೂ ಬಿಡಲಿಲ್ಲ. ಹೆಜ್ಜೆಗಣಕ ಮೂರನೇ ದಿನಕ್ಕೇ ಹಿಡಿಯಿತು. ಒಂದೇ ನಡಿಗೆ ಒಂದೇ ಜಾಗದಲ್ಲಿ ಹೋಗುವುದು ಬರುವುದು ಮಾಡಿದರೆ ಅದನ್ನು ‘ಗುರಿಯಿಲ್ಲದ ನಡಿಗೆ’ ಎಂದು ಬರೆದುಕೊಂಡು ಎಣಿಕೆಯಿಂದ ಕಿತ್ತು ಹಾಕುತ್ತದೆ. ಗವಿ ಓಣಿಗೆ ದೀಪ ಬರಲಿಲ್ಲ, ಮಂಡಿ ನೋವು ಬಂತು.

ಆ ದಿನ ಸಭೆಗೆ ಬಂದದ್ದು ತಾನೇ ಓಡುವ ಬಸ್ಸಿನ ವಿಷಯ. ರೈಲು ಸ್ಟೇಷನ್ನಿನಿಂದ ದವಾಖಾನೆಯವರೆಗೆ, ನಡೆಸುವವರಿಲ್ಲದ ಬಸ್ಸು, ಹತ್ತು ನಿಮಿಷಕ್ಕೊಂದು. ಬಸ್ಸು ಬೇಡ ಎನ್ನುವವಳು ನಾನಲ್ಲ. ನನ್ನ ಸೊಸೆ ಕಸ್ತೂರಿ ಹೆರಿಗೆಗೆ ಹೋಗುವಾಗ ಮುರುಕು ಟಂಟಂ ರಿಕ್ಷಾದಲ್ಲಿ ಪಟ್ಟ ಪಾಡು ಕಂಡವಳು. ಆದರೆ ಆ ಬಸ್ಸಿಗೆ ನೆಟ್ಟನೆಯ, ಅಡ್ಡಿಯಿಲ್ಲದ, ದಿನವಿಡೀ ತೆರೆದಿರುವ ದಾರಿ ಬೇಕಂತೆ. ಅದಕ್ಕೆ ಹೆಜ್ಜೆಗಣಕ ನೋಡುವುದು ಬೆಳಗಿನ ಗದ್ದಲದ ಹೊತ್ತಿನ ಎಣಿಕೆಯನ್ನು ಮಾತ್ರ.

ಅಧ್ಯಕ್ಷ ಚನ್ನವೀರಪ್ಪನವರು ಕೋಲು ಹಿಡಿದು ಮೇಜಿನ ಮೇಲೆ ಬಾಗಿದರು. ಬಜಾರದ ಅರ್ಧ ಮಳಿಗೆಗಳು ಅವರವು. ಪ್ರತಿ ಮಳಿಗೆಯೂ ಬೀದಿಯ ಕಡೆ ನಾಲ್ಕು ನಾಲ್ಕು ಅಡಿ ಮುಂದೆ ಬಂದು ಕೂತಿದೆ.

"ಬಜಾರದಾಗ ಜಾಗ ಇಲ್ಲ, ಬಿಡ್ರಿ. ಇದನ್ನ ನೋಡ್ರಿ," ಎಂದು ಬೂದಿ ಗೆರೆಯೊಂದನ್ನು ಮುಟ್ಟಿದರು. "ಊರ ನಡುವ ನೆಟ್ಟಗ ಹೋಗೇತಿ. ಅಗಲ ಐತಿ. ಮುಂಜಾನೆ ಆರರಿಂದ ಹನ್ನೊಂದರತನಕ ಒಂದು ನರಪಿಳ್ಳೆ ಓಡಾಡಂಗಿಲ್ಲ. ಬಸ್ಸಿಗೆ ಹೇಳಿ ಮಾಡಿಸಿದಂಗ ಐತಿ."

ನಾನು ಕನ್ನಡಕ ಏರಿಸಿ ನೋಡಿದೆ. ತುದಿಯಲ್ಲಿ ಬಾವಿ, ನಡುವೆ ಬನಶಂಕರಿ ಗುಡಿಯ ತಿರುವು.

"ಅದು ನಮ್ಮ ಹಾಸಿನ ಬೀದಿ ಅಲ್ಲೇನ್ರಿ?" ಅಂದೆ.

"ಹೌದ್ರಿ ಬನವ್ವಾರ. ನಿಮ್ಮ ವಾರ್ಡಿಗೇ ಬಸ್ಸು ಬರಾಕತ್ತೈತಿ. ಪೇಢೆ ತರಿಸ್ರಿ!"

ಎಲ್ಲರೂ ನಕ್ಕರು.

ನಮ್ಮ ಬೀದಿಯಲ್ಲಿ ನಲವತ್ತು ಕೈಮಗ್ಗಗಳಿವೆ. ಸೀರೆಗೆ ಉದ್ದಕ್ಕೆ ಹೋಗುವ ನೂಲೇ ಹಾಸು. ಅದನ್ನು ಮಗ್ಗಕ್ಕೆ ಏರಿಸುವ ಮೊದಲು ಬೀದಿಯ ಉದ್ದಕ್ಕೂ ಬಿಗಿದು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ತೀಡಿ, ಎಳೆಗೆ ಎಳೆ ಅಂಟದ ಹಾಗೆ ಒಣಗಿಸಬೇಕು. ಬಿಸಿಲು ಬಲಿಯುವುದರೊಳಗೆ ಮುಗಿಯಬೇಕು. ಮನೆಯೊಳಗೆ ಆಗುವ ಕೆಲಸವಲ್ಲ, ಅಷ್ಟು ಉದ್ದದ ಮನೆ ಯಾರಿಗಿದೆ? ಅದಕ್ಕೇ ಬೀದಿ. ಹಾಸು ಕಟ್ಟಿದ ಮೇಲೆ ಅದನ್ನು ಯಾರೂ ದಾಟುವುದಿಲ್ಲ. ಕೆಳಗೆ ನುಸುಳುವುದಿಲ್ಲ, ಪಕ್ಕದಲ್ಲಿ ತೂರಿಕೊಂಡು ಹೋಗುವುದೂ ಇಲ್ಲ. ಹಾರಿದ ಧೂಳು ಸಾಕು ನೂಲು ಕೆಡಲು. ಮದುವೆಯ ಮೆರವಣಿಗೆ ಬಂದರೂ ಬಾವಿಯ ಹತ್ತಿರ ನಿಂತು, ಬಾಜಾ ನಿಲ್ಲಿಸಿ, ಸುತ್ತು ಹಾಕಿ ಹೋಗುತ್ತದೆ. ಹೆಣ ಹೊತ್ತವರೂ ಹಾಗೆಯೇ. ಇದನ್ನು ಯಾರೂ ಓದಿ ಕಲಿತದ್ದಲ್ಲ. ಊರಿನ ಎಲ್ಲ ಜಾತಿಯವರ ಕಾಲಿಗೂ ಗೊತ್ತಿದೆ.

ಕಲ್ಲಿಗೆ ಗೊತ್ತಿಲ್ಲ.

"ಗಂಜಿ ಹಚ್ಚಾಕ ನಾವು ಎಂಟು ಮಂದಿ ದಿನಾ ಅಲ್ಲೇ ನಡೀತೀವಲ್ಲ, ಅದಾದ್ರೂ ಎಣಿಕ್ಯಾಗ ಬೇಕಲ್ಲ?" ಎಂದು ಕೇಳಿದೆ.

ಮೇಜು ನೋಡಿಕೊಳ್ಳುವ ಎಂಜಿನಿಯರ್ ತಹಸೀನ್ ವಿಜಯಪುರದ ಕಡೆಯ ಹುಡುಗಿ. ಏನನ್ನೋ ಒತ್ತಿ ನೋಡಿ, ತಲೆ ತಗ್ಗಿಸಿ ಹೇಳಿದಳು. "ಐತ್ರಿ ಆಯಿ. ಎಂಟು ನಡಿಗಿ. ಹಾಸಿನ ಉದ್ದಕ್ಕ ಹೋಗಿ ಬಂದು, ಹೋಗಿ ಬಂದು... ಗುರಿಯಿಲ್ಲದ ನಡಿಗಿ ಅಂತ ತಗದು ಹಾಕೇತಿ."

"ಅರವತ್ತು ವರ್ಷ ನಡದೀನಿ ತಂಗಿ, ಗುರಿ ಇಲ್ದ," ಅಂದೆ. ಈ ಸಲ ಯಾರೂ ನಗಲಿಲ್ಲ, ಅಧ್ಯಕ್ಷರೊಬ್ಬರನ್ನು ಬಿಟ್ಟು.

ಆಕ್ಷೇಪ ಇದ್ದವರು ಕೇಳಿದರೆ ಹನ್ನೆರಡು ದಿನ ಮರುಎಣಿಕೆ ಮಾಡಬೇಕು ಎಂದು ನಿಯಮವಿದೆ. ಕೇಳಿದೆ. ಚನ್ನವೀರಪ್ಪನವರು ಉದಾರವಾಗಿ ಕೈ ಬೀಸಿದರು.

"ಆಗ್ಲಿ, ಎಣಿಸ್ರಿ. ಆದ್ರ ಒಂದು ಮಾತು, ಎಲ್ಲಾರೂ ಕೇಳ್ರಿ. ಯಂತ್ರ ಏನು ದಾರಿ ಕೊಡ್ತೈತೋ ಅದನ್ನ ಪೂರಾ ಒಪ್ಪಬೇಕು, ಇಲ್ಲಾಂದ್ರ ಪೂರಾ ಬಿಡಬೇಕು. ನಡುವ ಯಾರೂ ಕೈಯಾಡಸಾಂಗಿಲ್ಲ. ನಮ್ಮ ಪುರಸಭ್ಯಾಗ ರಾಜಕೀಯ ಬ್ಯಾಡ."

ಠರಾವು ಬರೆದರು. ಇಪ್ಪತ್ತಮೂರು ಜನ ಸಹಿ ಹಾಕಿದೆವು. ನನಗೆ ಸಹಿ ಹಾಕಲು ಸ್ವಲ್ಪ ಹೊತ್ತು ಬೇಕು. ಎಲ್ಲರೂ ಕಾದರು.

ಮನೆಗೆ ಬಂದಾಗ ಕಸ್ತೂರಿ ಮಗ್ಗದ ಕುಣಿಯಲ್ಲಿ ಕೂತು ನೇಯುತ್ತಿದ್ದಳು. ನಮ್ಮ ಮಗ್ಗ ನೆಲ ಅಗೆದು ಮಾಡಿದ್ದು. ಕಾಲು ಕುಣಿಯೊಳಗಿನ ಹಲಗೆ ತುಳಿಯುತ್ತಿರುತ್ತವೆ. ದಿನಕ್ಕೆ ಎಷ್ಟು ಸಾವಿರ ಸಲ ತುಳಿಯುತ್ತಾಳೋ, ಅಲ್ಲಿ ಕಲ್ಲು ಹೂತಿಲ್ಲ. ಮೈದುನ ಪರಪ್ಪ ಕಟ್ಟೆಯ ಮೇಲೆ ಕೂತು ಗಂಜಿ ಕುಂಚದ ನಾರು ಬಿಡಿಸುತ್ತಿದ್ದ. ವಿಷಯ ಹೇಳಿದೆ.

"ಹನ್ನೆರಡು ದಿನ ಹಾಸು ನಿಲ್ಲಿಸಿ ಬಿಡೂಣು ವೈನಿ," ಎಂದ ಪರಪ್ಪ. "ಬೀದಿ ತೆರದ್ರ ಮಂದಿ ತಾನ ಓಡಾಡ್ತಾರ. ಕೆಂಪಗ ಆಗ್ತೈತಿ. ಮುಗೀತು."

ಕಸ್ತೂರಿ ಲಾಳಿ ನಿಲ್ಲಿಸಿದಳು. "ಮುಗೀತು ಅಂದ್ರ ಏನು ಕಾಕಾ? ಹಾಸು ಹಾಕದಿದ್ರ ಬೀದಿ ಜೀವಂತ, ಹಾಕಿದ್ರ ಸತ್ತೈತಿ ಅಂತ ನಾವಽ ಬರಕೊಟ್ಟಂಗ ಆತು. ಹದಿಮೂರನೇ ದಿನ ಮತ್ತ ಹಾಸು ಹಾಕ್ತೀವಿ, ಮತ್ತ ಬೂದಿ. ವರ್ಷಕ್ಕೊಮ್ಮೆ ಹಿಂಗ ನಾಟಕ ಮಾಡೂದನು?"

ಪರಪ್ಪ ಮತ್ತೆ ಕುಂಚ ಕೈಗೆತ್ತಿಕೊಂಡ. ಅವಳು ಹೇಳಿದ್ದು ನಿಜ. ಹಜಾರದಲ್ಲಿ ಅವಳ ಹೊಸ ಹಾಸು ಸುತ್ತಿಟ್ಟಿತ್ತು. ದಾಳಿಂಬೆ ಬಣ್ಣ. ಎರಡು ತಿಂಗಳು ನೂಲಿಗೆ ತಾನೇ ಬಣ್ಣ ಕಟ್ಟಿ, ಎಳೆ ಎಣಿಸಿ ಹೂಡಿದ್ದಳು. ಆ ವಾರ ಅದನ್ನು ಬೀದಿಗೆ ತರಬೇಕಿತ್ತು.

ನಾನು ಒಳಗೆ ಹೋದೆ. ಒಲೆಯ ಮುಂದೆ ಕೂತೆ. ಗಂಜಿಗೆ ಎಸರು ಇಟ್ಟಾಗ ನನಗೆ ಹಳೆಯದೆಲ್ಲ ನೆನಪಾಗುತ್ತದೆ. ಆ ದಿನ ನೆನಪಾದದ್ದು ನಮ್ಮಪ್ಪನ ಹೆಬ್ಬೆರಳು.

ನಾನು ಎಂಟು ವರ್ಷದವಳಿದ್ದಾಗ ಸೇಂಗಾ ತುಂಬಿದ ಲಾರಿಯೊಂದು ನಮ್ಮ ಬೀದಿಗೆ ನುಗ್ಗಿ ಮೂರು ಹಾಸುಗಳನ್ನು ಗಾಲಿಗೆ ಸುತ್ತಿಕೊಂಡು ಹೋಯಿತು. ಬೀದಿಯವರೆಲ್ಲ ಕುಂಚ ಹಿಡಿದುಕೊಂಡೇ ಹೋಗಿ ಪುರಸಭೆಯ ಮೆಟ್ಟಿಲ ಮೇಲೆ ಎರಡು ದಿನ ಕೂತರು. ನಾನು ಅಪ್ಪನ ಹೆಗಲ ವಲ್ಲಿಯ ತುದಿ ಹಿಡಿದು ನಿಂತಿದ್ದೆ. ಕೊನೆಗೆ ಕಾರಕೂನ ಕೆಂಪು ರಟ್ಟಿನ ಪುಸ್ತಕದಲ್ಲಿ ಬರೆದು, ಗಟ್ಟಿಯಾಗಿ ಓದಿದ. ಅಪ್ಪ ಹೆಬ್ಬೆಟ್ಟು ಒತ್ತಿದ. ಬೆರಳಲ್ಲಿ ಶಾಯಿಗಿಂತ ಗಂಜಿಯೇ ಹೆಚ್ಚಿತ್ತು. ಪುಸ್ತಕ ಮುಚ್ಚಿದ್ದೇ ತಡ ಎರಡು ಪುಟ ಅಂಟಿಕೊಂಡವು. "ಏನು ಮಂದ್ಯೋ ನೀವು, ಸರಕಾರದ ಪುಸ್ತಕಕ್ಕೂ ಗಂಜಿ ಹಚ್ಚತೀರಿ!" ಎಂದು ಕಾರಕೂನ ಬೈದ. ಅವನು ಓದಿದ್ದರಲ್ಲಿ ಒಂದು ಮಾತು ನನ್ನ ಕಿವಿಯಲ್ಲಿ ಉಳಿದುಕೊಂಡಿತ್ತು.

ಮಾರನೇ ದಿನ ತಹಸೀನಳಿಗೆ ಹೇಳಿದೆ. ಅವಳು ಮೇಜಿನಲ್ಲಿ ಹುಡುಕಿದಳು.

"ಹಳೇ ಠರಾವು ಎಲ್ಲಾ ಇದರಾಗ ತುಂಬೇವ್ರಿ ಆಯಿ. ನೀವು ಹೇಳೂದು ಇಲ್ಲ."

"ಆ ಪುಟ ಅಂಟೇತಿ ತಂಗಿ. ನಿಮ್ಮ ಯಂತ್ರ ಅದನ್ನ ಬಿಡಿಸಿ ಓದಿರಾಕಿಲ್ಲ."

ಮಾಳಿಗೆಯಿಂದ ಇಳಿಸಿದ ಕಡತಗಳನ್ನು ಮೆಟ್ಟಿಲ ಕೆಳಗೆ ತುರುಕಿದ್ದರು. ಇಬ್ಬರೂ ಮೂಗಿಗೆ ಸೆರಗು ಕಟ್ಟಿಕೊಂಡು ಮಧ್ಯಾಹ್ನದವರೆಗೆ ಕೆದಕಿದೆವು. ಕೆಂಪು ರಟ್ಟು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಅಂಟಿದ ಪುಟ ಸಿಕ್ಕಿತು. ನಾನು ಒದ್ದೆ ಬಟ್ಟೆ ಒತ್ತಿ, ಹಾಸಿನ ಎಳೆ ಬಿಡಿಸುವ ಹಾಗೆ ಅಂಚಿನಿಂದ ನಿಧಾನಕ್ಕೆ ಬಿಡಿಸಿದೆ. ಒಳಗೆ ಅಪ್ಪನ ಹೆಬ್ಬೆಟ್ಟು ಇತ್ತು. ತಹಸೀನ್ ಓದಿದಳು.

"‘...ನೇಕಾರರು ಸೂರ್ಯೋದಯದಿಂದ ಹನ್ನೊಂದು ಗಂಟೆಯವರೆಗೆ ಪಟ್ಟಣದ ಯಾವುದೇ ಬೀದಿಯಲ್ಲಿ ಹಾಸು ಕಟ್ಟಬಹುದು. ಯಾವ ವಾಹನವೂ ಅದನ್ನು ದಾಟಕೂಡದು.’"

"ಇನ್ನೊಮ್ಮೆ ಓದು."

"ಯಾವುದೇ ಬೀದಿಯಲ್ಲಿ," ಎಂದಳು. ಆಮೇಲೆ ನನ್ನ ಮುಖ ನೋಡಿ, "ಆಯಿ, ಇದನ್ನ ಯಾರರ ರದ್ದು ಮಾಡ್ಯಾರೇನು?" ಎಂದು ತಾನೇ ಕೇಳಿಕೊಂಡು ಸಂಜೆಯವರೆಗೆ ಹುಡುಕಿದಳು. ಯಾರೂ ರದ್ದು ಮಾಡಿರಲಿಲ್ಲ. ಮಾಡಲು ಓದಿರಬೇಕಲ್ಲ. ಈಗಲೇ ಸಭೆಗೆ ಒಯ್ದರೆ ಅಲ್ಲೇ ರದ್ದು ಮಾಡಿಬಿಡುತ್ತಾರೆ ಎಂದು ನಕಲು ತೆಗೆದು ಇಟ್ಟುಕೊಂಡೆ.

ಮರುಎಣಿಕೆಯ ಮೊದಲ ದಿನ ಬೆಳಕು ಹರಿಯುವಾಗ ನಾವು ಬಿದಿರು, ಹಗ್ಗ, ಗಂಜಿಯ ಕೊಡ ಹೊತ್ತುಕೊಂಡು ಬಜಾರಕ್ಕೆ ಹೋದೆವು. ಯಾರ ಹಾಸು ಮೊದಲು ಕಟ್ಟುವುದು ಎಂಬ ಮಾತು ಬಂದಾಗ ಎಲ್ಲರೂ ನೆಲ ನೋಡಿದರು. ಬಜಾರ ನಮ್ಮ ಬೀದಿಯಲ್ಲ. ಒಂದು ಗೂಳಿ ನುಗ್ಗಿದರೆ, ಯಾರೋ ಒಬ್ಬ ಹಟಕ್ಕೆ ದಾಟಿದರೆ, ಒಂದು ಮನೆಯ ಎರಡು ತಿಂಗಳು ಹೋದ ಹಾಗೆ.

ಕಸ್ತೂರಿ ದಾಳಿಂಬೆ ಬಣ್ಣದ ಸುರುಳಿಯನ್ನು ಪರಪ್ಪನ ಕೈಗೆ ಕೊಟ್ಟಳು. "ಬಿಚ್ಚು ಕಾಕಾ."

"ಕಸ್ತೂರಿ," ಅಂದೆ.

"ಅತ್ತಿ, ನೀವು ಮೆಂಬರ್ ಅಲ್ಲೇನ್ರಿ? ಮತ್ತ ನಮ್ಮ ಮನೀದಽ ಮೊದಲ ಆಗಬೇಕು."

ಬಿಸಿಲು ಬೀಳುವ ಹೊತ್ತಿಗೆ ಬಜಾರದ ಈ ತುದಿಯಿಂದ ಆ ತುದಿಗೆ ನಾಲ್ಕು ಹಾಸು ಸಾಲಾಗಿ ನಿಂತವು. ಹಾಲಿನವರು ಬಂದರು, ನಿಂತರು, ಸೈಕಲ್ ತಿರುಗಿಸಿದರು. ತರಕಾರಿ ಬುಟ್ಟಿಯವರು ತಿರುಗಿದರು. ಒಬ್ಬರೂ ಯಾಕೆಂದು ಕೇಳಲಿಲ್ಲ. ಒಬ್ಬ ಚಹಾದಂಗಡಿಯವನು ಮಾತ್ರ, "ಏನ್ರಬೇ, ನಿಮ್ಮ ಬೀದಿ ಮಾರಿದ್ರೇನು?" ಎಂದ. "ಮಾರಾಕ ಇಟ್ಟಾರಲ್ಲೋ ಯಪ್ಪಾ, ಅದಕ್ಕ ಬಂದೀವಿ," ಎಂದಳು ಕಸ್ತೂರಿ, ಕುಂಚ ಬಿಡದೆ.

ಎಂಟು ಗಂಟೆಗೆ ಚನ್ನವೀರಪ್ಪನವರು ಬಂದರು. ಅವರ ಮಳಿಗೆಗಳು ಹಾಸಿನ ಆಚೆ ಬದಿಗಿದ್ದವು.

"ಬನವ್ವಾರ, ಇದೇನ್ರಿ ಹುಚ್ಚಾಟ? ತಗೀರಿ ಇದನ್ನ!"

ನಾನು ಠರಾವಿನ ನಕಲು ಕೊಟ್ಟೆ. ಓದಿದರು. ತಿರುಗಿಸಿ ಹಿಂಬದಿಯನ್ನೂ ನೋಡಿದರು.

"ಇದು ನಮ್ಮಜ್ಜನ ಕಾಲದ್ದು!"

"ಹೌದ್ರಿ. ನಿಮ್ಮಜ್ಜನ ಸಹೀನೂ ಐತಿ, ಕೆಳಗ ನೋಡ್ರಿ."

ಸುತ್ತ ಜನ ಸೇರಿತ್ತು. ಅವರ ಮುಖ ಕೆಂಪಾಯಿತು. "ಕಾಗದ ಏನರ ಹೇಳ್ಲಿ. ನನ್ನ ಅಂಗಡಿಗಿ ನಾ ಹೋಗಾಕ ಯಾರ ಅಪ್ಪಣಿ ಬೇಕು?" ಎಂದು ಪಂಚೆ ಎತ್ತಿ ಕಟ್ಟಿ, ಹಾಸಿನ ಮುಂದೆ ಬಂದು ನಿಂತರು. ಒಂದು ಕಾಲು ಎತ್ತಿದರು.

ಕಸ್ತೂರಿಯ ಕುಂಚ ನಿಂತಿತು. ಗಂಜಿ ಹಸಿ ಇತ್ತು. ಅವರ ಚಪ್ಪಲಿಯ ತುದಿ ತಾಕಿದ್ದರೆ ಸಾಕಿತ್ತು, ನೂರು ಎಳೆ ಹೋಗುತ್ತಿದ್ದವು.

ಚನ್ನವೀರಪ್ಪ ಏಳು ವರ್ಷದವನಿದ್ದಾಗ ಗಾಳಿಪಟದ ಹಿಂದೆ ಓಡಿ ನಮ್ಮ ಹಾಸಿನ ಕೆಳಗೆ ನುಸುಳಿದ್ದ. ನಮ್ಮತ್ತೆ ಅವನ ಕಿವಿ ಹಿಂಡಿ ಅವರ ಮನೆಗೆ ಕರೆದುಕೊಂಡು ಹೋದಾಗ, ಅವರಮ್ಮ ಇನ್ನೊಂದು ಕಿವಿ ಹಿಂಡಿದ್ದಳು. ನನಗೆ ಅದು ನೆನಪಿತ್ತು. ಅವರಿಗೂ ನೆನಪಿತ್ತೋ ಏನೋ ನಾನು ಕೇಳಲಿಲ್ಲ.

"ದಾಟ್ರಿ," ಅಂದೆ. "ಯಾರೂ ನಿಮ್ಮನ್ನ ಹಿಡಿಯಾಂಗಿಲ್ಲ."

ಬಜಾರವೆಲ್ಲ ಆ ಕಾಲನ್ನೇ ನೋಡುತ್ತಿತ್ತು. ಕಾಲು ಗಾಳಿಯಲ್ಲಿ ಸ್ವಲ್ಪ ಹೊತ್ತು ಇತ್ತು. ಆಮೇಲೆ ಎತ್ತಿದ ಜಾಗಕ್ಕೇ ಇಳಿಯಿತು. ಚನ್ನವೀರಪ್ಪನವರು ತಿರುಗಿ, ಸುತ್ತು ಹಾಕಿಕೊಂಡು ಹೋದರು.

ಸುತ್ತು ಹಾಕಲು ಇರುವ ದಾರಿ ಒಂದೇ. ನಮ್ಮ ಬೀದಿ.

ಮಧ್ಯಾಹ್ನ ತಹಸೀನ್ ನನ್ನನ್ನು ಮೇಲೆ ಕರೆದಳು. ಬಾಗಿಲು ಮುಂದೆ ಮಾಡಿ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು, ನಗು ತಡೆಯಲು. ಮೇಜಿನೊಳಗೆ ನಮ್ಮ ಬೀದಿ ಹಳದಿಗೆ ತಿರುಗಿತ್ತು. ಬಜಾರದ ಕೆಂಪು ಮಂಕಾಗಿತ್ತು.

"ಹೆಸರು ನಂಗೊತ್ತಿಲ್ರಿ ಆಯಿ. ಆದ್ರ ತೊಂಬತ್ತಾರು ಕಿಲೋ, ಎಡಗಾಲು ಎಳೀತೈತಿ, ಭಾಳ ಸಿಟ್ಟಿನ ನಡಿಗಿ. ಮೂರು ವರ್ಷದಾಗ ನಿಮ್ಮ ಬೀದಿಗೆ ಮೊದಲ ಸಲ ಬಂದೈತಿ."

"ನೀ ಎಣಿಕಿಗೆ ಏನೂ ಕೈ ಹಚ್ಚಬ್ಯಾಡ ತಂಗಿ," ಅಂದೆ. "ಒಂದು ಹೆಜ್ಜಿನೂ ಸುಳ್ಳು ಬ್ಯಾಡ."

"ಹಚ್ಚೂದಽ ಬ್ಯಾಡ್ರಿ. ಇಲ್ಲದ ಹೆಜ್ಜಿ ಸೇರಿಸಿದ್ರ ಹಿಡಿಯಾಕ ಇದಕ್ಕ ಕಲಿಸೀವಿ. ಇದ್ದ ಮಂದಿ ಮರ್ಯಾದಿಗೆ ಬಾರದಽ ಹ್ವಾದ್ರ ಏನು ತಿಳ್ಕೋಬೇಕು ಅಂತ ಯಾರೂ ಕಲಿಸಿಲ್ಲ."

ಹನ್ನೆರಡು ದಿನ ನಲವತ್ತು ಮನೆಯ ಹಾಸು ಸರದಿಯಂತೆ ಬಜಾರದಲ್ಲಿ ಎದ್ದವು. ನಾಲ್ಕನೇ ದಿನ ಗಾಳಿ ಎದ್ದು ಪರಪ್ಪನ ಹಾಸಿನ ಒಂದು ಅಂಚು ಪೂರಾ ಧೂಳು ಹಿಡಿಯಿತು. ಎರಡು ಸೀರೆಯ ನೂಲು ಹೋಯಿತು. ಅವನು ಎಳೆ ಕತ್ತರಿಸಿ, ಮರುದಿನ ಬಿದಿರು ಹೊರಲು ಎಲ್ಲರಿಗಿಂತ ಮೊದಲು ಬಂದ. ಒಂಬತ್ತನೇ ದಿನದ ಹೊತ್ತಿಗೆ ಬಜಾರದ ಅಂಗಡಿಯವರೇ ನಾಯಿ, ದನ ಬಾರದ ಹಾಗೆ ಕಾಯತೊಡಗಿದ್ದರು. ಚಹಾದಂಗಡಿಯವನು ಗಂಜಿಗೆ ಬಿಸಿನೀರು ಕೊಟ್ಟ.

ಹದಿಮೂರನೇ ದಿನ ಸಭೆ ಸೇರಿತು. ಎಲ್ಲರೂ ಮೇಜಿನ ಸುತ್ತ ನಿಂತೆವು. ನಮ್ಮ ಬೀದಿ ಕುಂಕುಮದಂತೆ ಕೆಂಪಗಿತ್ತು. ಬಜಾರ ಬೂದಿ. ಹೆಜ್ಜೆಗಣಕ ಬಸ್ಸಿನ ದಾರಿಯನ್ನು ಬಜಾರದ ನಡುವೆ ಎಳೆದು, ಕೆಳಗೆ ನಾಲ್ಕು ಸಾಲು ಬರೆದಿತ್ತು. ತಹಸೀನ್ ಗಂಟಲು ಸರಿಮಾಡಿಕೊಂಡು ಓದಿದಳು.

"‘ಈ ಬೀದಿಯ ಎಡಬದಿಯ ಮಳಿಗೆ ಸಾಲಿಗೆ ಬೆಳಗಿನ ಹೊತ್ತು ಯಾರೂ ಬರುತ್ತಿಲ್ಲ. ಮಳಿಗೆಗಳನ್ನು ತೆರವು ಮಾಡಿ ಬಸ್ಸು ನಿಲ್ಲಿಸುವ ಜಾಗ ಮಾಡಬಹುದು.’"

ಎಡಬದಿ ಪೂರಾ ಅಧ್ಯಕ್ಷರದು.

"ಯಂತ್ರ ಕೆಟ್ಟೈತಿ!" ಎಂದರು ಚನ್ನವೀರಪ್ಪ. "ಬಜಾರದಾಗ ಮಂದಿ ಇಲ್ಲ ಅಂದ್ರ ಯಾರರ ನಂಬತಾರೇನ್ರಿ? ಕಣ್ಣಿಲ್ಲೇನು ಇದಕ್ಕ? ಮಂದಿ ಇದ್ದಾರ! ಹಾಸು ಹಾಕಿದ್ದಕ್ಕ ಬಂದಿಲ್ಲ ಅಷ್ಟ!"

ಅವರು ತಾವು ಹೇಳಿದ್ದನ್ನು ತಾವೇ ಕೇಳಿಸಿಕೊಂಡರು.

ನಾನು ಸಭೆಯಲ್ಲಿ ಎದ್ದು ಮಾತಾಡುವುದು ಕಡಿಮೆ. ಅವತ್ತು ಕೂತೇ ಹೇಳಿದೆ.

"ಚನ್ನವೀರಪ್ಪ, ಯಂತ್ರ ಕೆಟ್ಟಿದ್ರ ಎರಡೂ ಸಲ ಕೆಟ್ಟೈತಿ. ಸರಿ ಇದ್ರ ಎರಡೂ ಸಲ ಸರಿ ಐತಿ. ಪೂರಾ ಒಪ್ಪಬೇಕು, ಇಲ್ಲ ಪೂರಾ ಬಿಡಬೇಕು ಅಂತ ನೀವಽ ಬರಸೀರಿ. ನಾ ಅದಕ್ಕ ಸಹಿ ಹಾಕೀನಿ, ನೀವೆಲ್ಲಾ ಕಾಯ್ದೀರಿ. ಈಗ ನಾ ಕಾಯ್ತೀನಿ. ಯಾವುದು, ಆರಿಸ್ಕೋರಿ."

ಆಮೇಲೆ ಕೈ ಎತ್ತಿದರು. ಯಂತ್ರದ ದಾರಿ ಪೂರಾ ಬಿಡಬೇಕು ಎಂದು ಇಪ್ಪತ್ತಮೂರು ಕೈ. ಅಧ್ಯಕ್ಷರದು ಎಲ್ಲರಿಗಿಂತ ಮೊದಲು.

ಅದಾದ ಮೇಲೆ ಮೇಜಿನ ಬೆಳಕು ಆರಿಸಿ, ಹಳೇ ಕಾಲದ ಹಾಗೆ ನಡೆದುಕೊಂಡು ಹೋಗಿ ದಾರಿ ನೋಡಿದೆವು. ಮಳೆ ಇರಲಿಲ್ಲ, ಬಿಸಿಲಿತ್ತು. ಅರ್ಧ ಮಂದಿಗೆ ಏದುಸಿರು. ಬಜಾರದ ಮಳಿಗೆಗಳು ಮುಂದೆ ಚಾಚಿದ ನಾಲ್ಕು ಅಡಿ ತೆಗೆದರೆ ಬಸ್ಸು ಸಲೀಸಾಗಿ ಹೋಗುತ್ತದೆ ಎಂಬುದು ಹಗ್ಗ ಹಿಡಿದ ಯಾರಿಗೂ ಕಾಣುತ್ತಿತ್ತು. ಹಗ್ಗದ ಒಂದು ತುದಿ ಪರಪ್ಪ ಹಿಡಿದಿದ್ದ, ಹಾಸಿನ ಹಗ್ಗವೇ. ಮತಕ್ಕೆ ಹಾಕಿದಾಗ ಹದಿಮೂರಕ್ಕೆ ಹತ್ತು. ನಾವು ಗೆದ್ದೆವು. ಅಂಗಡಿಯ ಚಾಚು ಒಡೆದ ದಿನದಿಂದ ಚನ್ನವೀರಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ನಾನು ಮೊದಲೇ ಹೆಚ್ಚು ಮಾತಿನವಳಲ್ಲ.

ಬಸ್ಸು ಈಗ ಬಜಾರದಲ್ಲಿ ಓಡುತ್ತದೆ. ಮೊನ್ನೆ ಪರಪ್ಪನ ಸೊಸೆ ಅದರಲ್ಲೇ ಹೆರಿಗೆಗೆ ಹೋದಳು.

ಬಸ್ಸು ಶುರುವಾದ ವಾರ ತಹಸೀನ್ ಮನೆಗೆ ಬಂದಿದ್ದಳು. ಕಟ್ಟೆಯ ಮೇಲೆ ಕೂತು ಚಹಾ ಕುಡಿದು ಹೇಳಿದಳು. "ಆಯಿ, ಹೆಜ್ಜೆಗಣಕಕ್ಕ ಒಂದು ಹೊಸಾದು ಕಲಿಸ್ತೀನಿ. ಹಾಸು ಹಾಕಿದ ಬೀದಿ ಅಂತ ಬ್ಯಾರೆ ಬಣ್ಣ ಕೊಡ್ತೀನಿ. ನೀಲಿ. ನಿಮ್ಮ ಎಂಟು ಮಂದೀದೂ ಎಣಿಕಿ ಆಗ್ತೈತಿ. ಬೇಕಾದ್ರ ಮಗ್ಗದ ಕುಣ್ಯಾಗೂ ಒಂದೊಂದು ಕಲ್ಲು ಕೂಡಸಬಹುದು."

ಒಳಗಿಂದ ಲಾಳಿಯ ಸದ್ದು ನಿಂತಿತು. ಕಸ್ತೂರಿ ಕೇಳಿಸಿಕೊಳ್ಳುತ್ತಿದ್ದಳು.

ಹುಡುಗಿಯ ಮನಸ್ಸು ಒಳ್ಳೆಯದು. ಅವಳ ಕೈ ಹಿಡಿದುಕೊಂಡೆ.

"ಬ್ಯಾಡ ತಂಗಿ. ಇವತ್ತ ಎಷ್ಟು ಮಂದಿ ಅಂತ ಎಣಸ್ತೈತಿ. ನಾಳಿ ಕಸ್ತೂರಿ ಎಷ್ಟು ಸಲ ತುಳದ್ಲು ಅಂತ ಎಣಸ್ತೈತಿ. ನಾಡದ ಕಡಿಮಿ ಯಾಕ ತುಳದಿ ಅಂತ ಕೇಳ್ತೈತಿ. ನಾವು ಅದಕ್ಕ ಕಾಣೂದು ಬ್ಯಾಡ."

"ಮತ್ತ ನಿಮ್ಮ ಬೀದಿ ಬೂದೀನಽ ಇರ್ತೈತಲ್ರಿ?"

"ಇರ್ಲಿ. ಊರಿಗೆ ಗೊತ್ತೈತಿ."

ಲಾಳಿ ಮತ್ತೆ ಶುರುವಾಯಿತು.

ರಸ್ತೆ ರಿಪೇರಿಗೆ ಬಂದವರು ಹೋದ ತಿಂಗಳು ನಮ್ಮ ಬೀದಿಯ ಒಂದು ಎಣಿಕೆ ಕಲ್ಲನ್ನು ಎಬ್ಬಿಸಿ ಮತ್ತೆ ಹೂಳಲು ಮರೆತು ಹೋದರು. ಒಳ್ಳೆ ಭಾರದ ಕಲ್ಲು. ಪರಪ್ಪ ಅದನ್ನು ಉರುಳಿಸಿಕೊಂಡು ಹೋಗಿ ಬಾವಿಯ ಹತ್ತಿರ, ಹಾಸಿನ ಹಗ್ಗ ಬಿಗಿಯುವ ಗೂಟದ ಬುಡಕ್ಕೆ ಒತ್ತಾಗಿ ಇಟ್ಟಿದ್ದಾನೆ. ದಿನಾ ಬೆಳಗ್ಗೆ ಹಾಸಿನ ಎಳೆತವನ್ನೆಲ್ಲ ಅದೇ ತಡೆದು ನಿಲ್ಲುತ್ತದೆ. ಅದರ ಮೇಲೆ ಯಾರೂ ಕಾಲಿಡುವುದಿಲ್ಲ.